ಬೀಸುವ ಕಲ್ಲಿನ ಎದುರು ಕುಳಿತವಳು: ಹಳ್ಳಿಯ ತಾಯಂದಿರ ಒಂಟಿತನ ಮತ್ತು ಗೆಳೆತನ

ನಾಡಿನ ಹಳ್ಳಿಗಳ ಇತಿಹಾಸವನ್ನು ಬರೆದ ವಿದ್ವಾಂಸರು ಕೆರೆ, ಗುಡಿ, ಕೋಟೆ, ಶಾಸನ, ಭೂಕಂದಾಯ ಇವೆಲ್ಲವನ್ನೂ ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ಕೈಗೂಸನ್ನು ಮಡಿಲಲ್ಲಿಟ್ಟುಕೊಂಡ ಸೊಸೆಯೊಬ್ಬಳು ತನ್ನ ಮನಸ್ಸಿನ ಮಾತನ್ನು ಯಾರ ಮುಂದೆ ಆಡುತ್ತಿದ್ದಳು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಮೇಲುನೋಟಕ್ಕೆ ಇದು ಇತಿಹಾಸದ ಪ್ರಶ್ನೆಯಾಗಿ ತೋರದಿರಬಹುದು. ಹಳ್ಳಿಯೆಂದರೆ ಎಲ್ಲರೂ ಎಲ್ಲರನ್ನೂ ಬಲ್ಲ ತಾಣ, ಅಲ್ಲಿ ಒಂಟಿತನಕ್ಕೆ ಎಡೆಯೆಲ್ಲಿ ಎಂದು ಅನೇಕರು ಭಾವಿಸುತ್ತಾರೆ. ಆದರೆ ಹತ್ತು ಜನರ ನಡುವೆ ಇರುವುದು ಬೇರೆ, ತನ್ನವರೆನ್ನುವ ಒಬ್ಬರು ಇರುವುದು ಬೇರೆ. ತುಂಬಿದ ಮನೆಯಲ್ಲಿ ಹಗಲಿರುಳು ದುಡಿಯುತ್ತ, ಯಾರೊಡನೆಯೂ ಮನಬಿಚ್ಚಿ ಮಾತನಾಡದೆ ವರುಷಗಳನ್ನು ಕಳೆದ ತಾಯಂದಿರು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟು.

ಈ ವಿಷಯವನ್ನು ಕ್ರಮವಾಗಿ ಅವಲೋಕಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹಳ್ಳಿಯ ತಾಯಂದಿರ ಗೆಳೆತನಕ್ಕೆಂದು ಸಮಾಜವು ಪ್ರತ್ಯೇಕವಾದ ಜಾಗವನ್ನಾಗಲಿ ಹೊತ್ತನ್ನಾಗಲಿ ಮೀಸಲಿಡಲಿಲ್ಲ. ಗಂಡಸರಿಗೆ ಚಾವಡಿಯಿತ್ತು, ಅರಳಿಕಟ್ಟೆಯಿತ್ತು, ಭಜನೆಯ ಮೇಳವಿತ್ತು. ಹೆಂಗಸರ ಗೆಳೆತನ ಮಾತ್ರ ದುಡಿಮೆಯ ಆಸರೆಯಲ್ಲಿ, ಬಳ್ಳಿ ಬೇಲಿಯನ್ನು ಹಿಡಿದು ಹಬ್ಬುವ ಹಾಗೆ ಹಬ್ಬಿತು. ದುಡಿಮೆ ಹಗುರವಾದಾಗ ಬೇಲಿ ಹೋಯಿತು. ಬಳ್ಳಿಗೆ ಬೇರೊಂದು ಆಸರೆ ಬೇಕೆಂಬುದನ್ನು ಮಾತ್ರ ಬಹುಕಾಲ ಯಾರೂ ಯೋಚಿಸಲಿಲ್ಲ.

ತವರು ಮತ್ತು ಅತ್ತೆಯ ಮನೆ

ಮದುವೆಯಾದ ಹೆಣ್ಣು ಹುಟ್ಟಿದೂರನ್ನು ಬಿಟ್ಟು ಗಂಡನ ಊರಿಗೆ ಹೋಗುವುದು ಭಾರತದ ಬಹುಭಾಗದ ಪದ್ಧತಿ. ದೇಶದಲ್ಲಿ ಹೆಂಗಸರು ಊರು ಬದಲಿಸಲು ಮದುವೆಯೇ ಅತಿ ದೊಡ್ಡ ಕಾರಣವೆಂದು ಜನಗಣತಿಗಳು ತೋರಿಸುತ್ತ ಬಂದಿವೆ. ಗಂಡು ತನ್ನ ಬಾಲ್ಯದ ಗೆಳೆಯರ ನಡುವೆಯೇ ತಂದೆಯಾಗುತ್ತಾನೆ. ಹೆಣ್ಣು ಬಾಲ್ಯದ ಗೆಳತಿಯರನ್ನೆಲ್ಲ ಕಳೆದುಕೊಂಡ ಮೇಲೆ ತಾಯಿಯಾಗುತ್ತಾಳೆ. ಈ ವ್ಯತ್ಯಾಸ ತೀರ ಸಹಜವೆಂಬಂತೆ ನಡೆದುಬಂದಿರುವುದರಿಂದ ಅದರ ಭಾರ ಕಣ್ಣಿಗೆ ಬೀಳುವುದಿಲ್ಲ.

ಆದರೆ ಈ ಪದ್ಧತಿ ಎಲ್ಲೆಡೆ ಒಂದೇ ಬಗೆಯಲ್ಲಿಲ್ಲ. ಖ್ಯಾತ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಭಾರತೀಯ ಬಂಧುತ್ವ ವ್ಯವಸ್ಥೆಯ ಅಧ್ಯಯನದಲ್ಲಿ ಉತ್ತರ ಮತ್ತು ದಕ್ಷಿಣ ಭಾರತಗಳ ನಡುವಿನ ಅಂತರವನ್ನು ವಿವರವಾಗಿ ತೋರಿಸಿದರು. ಉತ್ತರದ ಬಯಲುಸೀಮೆಯಲ್ಲಿ ಹೆಣ್ಣನ್ನು ಅಪರಿಚಿತರ ಮನೆಗೆ, ಅಪರಿಚಿತ ಊರಿಗೆ ಕೊಡುವುದು ವಾಡಿಕೆ. ದಕ್ಷಿಣದಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ರೂಢಿ ಬಹುಕಾಲದಿಂದ ಇತ್ತು. ಕನ್ನಡದ 'ಅತ್ತೆ' ಎಂಬ ಒಂದೇ ಮಾತು ಗಂಡನ ತಾಯಿಗೂ ತಂದೆಯ ಅಕ್ಕತಂಗಿಗೂ ಸಲ್ಲುತ್ತದೆ. 'ಮಾವ' ಎಂಬ ಮಾತು ಗಂಡನ ತಂದೆಗೂ ತಾಯಿಯ ಅಣ್ಣತಮ್ಮನಿಗೂ ಸಲ್ಲುತ್ತದೆ. ಸೊಸೆಯಾಗಿ ಬಂದವಳು ಆ ಮನೆಯ ಹೊಸ್ತಿಲನ್ನು ಚಿಕ್ಕಂದಿನಲ್ಲೇ ದಾಟಿದವಳಾಗಿರುವ ಸಾಧ್ಯತೆ ಇಲ್ಲಿ ಹೆಚ್ಚು. ತವರೂರು ಕೂಡ ಬಹುಮಟ್ಟಿಗೆ ಅಷ್ಟು ದೂರವಲ್ಲ.

ಉತ್ತರದ ಸ್ಥಿತಿ ಎಷ್ಟು ಕಠಿಣವೆಂಬುದಕ್ಕೆ ಒಂದು ಆಧಾರವಿದೆ. 2018ರಲ್ಲಿ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 18ರಿಂದ 30 ವರ್ಷದೊಳಗಿನ ವಿವಾಹಿತ ಸ್ತ್ರೀಯರನ್ನು ಕುರಿತು ಅರ್ಥಶಾಸ್ತ್ರಜ್ಞರ ತಂಡವೊಂದು ಅಧ್ಯಯನ ನಡೆಸಿ 2020ರಲ್ಲಿ ಪ್ರಕಟಿಸಿತು. ಗಂಡ ಮತ್ತು ಅತ್ತೆಯನ್ನು ಬಿಟ್ಟರೆ, ಆಪ್ತ ವಿಷಯಗಳನ್ನು ಹಂಚಿಕೊಳ್ಳಲು ಒಬ್ಬಳಿಗೆ ಇಡೀ ಜಿಲ್ಲೆಯಲ್ಲಿ ಸರಾಸರಿ ಇಬ್ಬರೂ ಇರಲಿಲ್ಲ, 1.6 ಎಂಬುದು ಲೆಕ್ಕ. ನೂರರಲ್ಲಿ ಸುಮಾರು 36 ಸ್ತ್ರೀಯರಿಗೆ ತಾವಿರುವ ಊರಿನಲ್ಲಿ ಆಪ್ತ ಗೆಳತಿಯಾಗಲಿ ಬಂಧುವಾಗಲಿ ಒಬ್ಬರೂ ಇರಲಿಲ್ಲ. 22 ಸ್ತ್ರೀಯರಿಗೆ ಎಲ್ಲಿಯೂ ಅಂಥವರಿರಲಿಲ್ಲ. ಅತ್ತೆಯೊಡನೆ ವಾಸಿಸುವ ಸೊಸೆಯರಿಗೆ ಊರಿನ ಒಡನಾಟ ಇನ್ನೂ ಕಡಿಮೆಯಿತ್ತೆಂದೂ, ಹೊರಗಿನ ಒಡನಾಟ ಇಲ್ಲದವರು ವೈದ್ಯರ ಬಳಿಗೆ ಹೋಗುವುದೂ ಕಡಿಮೆಯೆಂದೂ ಆ ಅಧ್ಯಯನ ಹೇಳುತ್ತದೆ.

ಇದನ್ನು ಓದಿ ಕನ್ನಡ ನಾಡಿನ ಹಳ್ಳಿಗಳು ನಿಶ್ಚಿಂತೆಯಿಂದ ಇರುವಂತಿಲ್ಲ. ನಂಟಸ್ತಿಕೆ ಒಂದು, ಗೆಳೆತನ ಇನ್ನೊಂದು. ಅತ್ತೆ ಸ್ವಂತ ಸೋದರತ್ತೆಯೇ ಆಗಿದ್ದರೂ ಅತ್ತೆಯ ಮೇಲಿನ ಬೇಸರವನ್ನು ಅತ್ತೆಯ ಮುಂದೆ ತೋಡಿಕೊಳ್ಳಲು ಬರುವುದಿಲ್ಲ. ಸಂಬಂಧದೊಳಗಿನ ಮದುವೆಯಾದರೆ ತವರಿನಲ್ಲಿಯೂ ಹೇಳಿಕೊಳ್ಳುವುದು ಕಷ್ಟ, ಏಕೆಂದರೆ ತವರಿಗೂ ಅವಳು ರಕ್ತಸಂಬಂಧಿ. ಓರಗಿತ್ತಿ ಎಂಬ ಮಾತು 'ಓರಗೆ', ಅಂದರೆ ಸರಿಸಮತೆ, ಸಮವಯಸ್ಸು ಎಂಬ ಅರ್ಥದ ಪದಬಳಗಕ್ಕೆ ಸೇರಿದ್ದು. ಉತ್ತರ ಕರ್ನಾಟಕದಲ್ಲಿ ಅವಳನ್ನೇ ನೆಗೆಣ್ಣಿ ಎನ್ನುತ್ತಾರೆ. ಭಾಷೆಯು ಅವಳಿಗೆ ಸಮಾನತೆಯ ಹೆಸರನ್ನು ಕೊಟ್ಟರೂ ಆಸ್ತಿ ಪಾಲಾಗುವ ಮನೆಯಲ್ಲಿ ಆ ಸಂಬಂಧ ಅನೇಕ ಸಲ ಪೈಪೋಟಿಯಾಗಿಯೇ ಉಳಿಯಿತು.

ಈ ಒಂಟಿತನ ಅತ್ಯಂತ ತೀವ್ರವಾಗುವ ಕಾಲವೊಂದಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ನಡೆಯುವುದು ಸಂಪ್ರದಾಯ. ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ಪಥ್ಯದ ಊಟ, ಮಗುವನ್ನು ಎತ್ತಿಕೊಳ್ಳಲು ಹತ್ತು ಕೈ, ಇವೆಲ್ಲ ಬಾಣಂತನದ ಸೌಖ್ಯಗಳು. ಮೂರು ಅಥವಾ ಐದು ತಿಂಗಳು ಕಳೆದು ತೊಟ್ಟಿಲೊಡನೆ ಗಂಡನ ಮನೆಗೆ ಮರಳಿದ ಮರುದಿನವೇ ಆಕೆ ಮತ್ತೆ ಸೊಸೆ. ರಾತ್ರಿಯೆಲ್ಲ ಅಳುವ ಕೂಸು, ಬೆಳಗಾದರೆ ಕಾದಿರುವ ಕೆಲಸ. ಬಾಣಂತಿಯನ್ನು ನೋಡಿಕೊಳ್ಳಬೇಕೆಂಬುದನ್ನು ಸಂಪ್ರದಾಯ ಅರಿತಿತ್ತು. ಬಾಣಂತನ ಮುಗಿದ ಮೇಲಿನ ತಾಯಿಗೆ ಏನು ಬೇಕೆಂಬುದನ್ನು ಅದು ಅಷ್ಟಾಗಿ ಯೋಚಿಸಲಿಲ್ಲ.

ವರುಷಕ್ಕೊಮ್ಮೆ ದೊರೆಯುತ್ತಿದ್ದ ಬಿಡುವೆಂದರೆ ಹಬ್ಬ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ಕರೆದೊಯ್ಯುವುದು, ಮರಕ್ಕೆ ಜೋಕಾಲಿ ಕಟ್ಟುವುದು, ಉಂಡಿ ಹಂಚುವುದು ರೂಢಿ. ಹಳೆಯ ಮೈಸೂರಿನ ಸೀಮೆಯಲ್ಲಿ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರುತ್ತಿತ್ತು. ಪಂಚಮಿಯನ್ನು ಅಣ್ಣತಂಗಿಯರ ಹಬ್ಬವೆಂದು ಎಲ್ಲರೂ ವರ್ಣಿಸುತ್ತಾರೆ. ಅದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಬೇರೆ ಬೇರೆ ಊರಿಗೆ ಮದುವೆಯಾಗಿ ಹೋದ ಒಂದೇ ವಾರಗೆಯ ಗೆಳತಿಯರು ಒಂದೇ ವಾರದಲ್ಲಿ ಹುಟ್ಟಿದೂರಿಗೆ ಮರಳಿ, ಒಂದೇ ಜೋಕಾಲಿಯ ಬುಡದಲ್ಲಿ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಸೇರುತ್ತಿದ್ದುದು ಆಗಲೇ. ವರುಷದ ಮಾತೆಲ್ಲ ಆ ನಾಲ್ಕು ದಿನಗಳಲ್ಲಿ ಮುಗಿಯಬೇಕಾಗಿತ್ತು.

ಕಲ್ಲು, ಬಾವಿ ಮತ್ತು ಕೆರೆಯ ದಂಡೆ

ಉಳಿದ ದಿನಗಳಲ್ಲಿ ಗೆಳತಿ ದೊರೆಯುತ್ತಿದ್ದುದು ಕೆಲಸದ ಜಾಗದಲ್ಲಿ. ಬೀಸುವ ಕಲ್ಲು ಅವುಗಳಲ್ಲಿ ಮುಖ್ಯವಾದುದು. ಕೋಳಿ ಕೂಗುವ ಮುನ್ನ ಎದ್ದು ಆ ದಿನದ ಜೋಳವನ್ನೋ ರಾಗಿಯನ್ನೋ ಬೀಸಬೇಕು. ಒಬ್ಬಳೇ ಬೀಸಬಹುದಾದರೂ ಅದು ರಟ್ಟೆ ಮುರಿಯುವ ಕೆಲಸ. ಆದ್ದರಿಂದ ಎದುರು ಬದುರು ಇಬ್ಬರು ಕುಳಿತು ಒಂದೇ ಗೂಟವನ್ನು ಹಿಡಿದು ತಿರುಗಿಸುತ್ತಿದ್ದರು. ಮನೆಯ ಗಂಡಸರು, ಹಿರಿಯರು ಇನ್ನೂ ಮಲಗಿರುವ ಹೊತ್ತು. ಕಲ್ಲಿನ ಸದ್ದಿನಲ್ಲಿ ಮಾತು ಬೇರೆಯವರಿಗೆ ಕೇಳದು. ನೇರವಾಗಿ ಆಡಲಾರದ ಮಾತನ್ನು ಹಾಡಿನಲ್ಲಿ ಆಡಬಹುದು. ಒಬ್ಬಳು ಒಂದು ತ್ರಿಪದಿಯನ್ನು ಎತ್ತಿಕೊಂಡರೆ ಇನ್ನೊಬ್ಬಳು ದನಿಗೂಡಿಸುವಳು. ತವರಿನ ಹಂಬಲ, ತೊಟ್ಟಿಲ ಕೂಸಿನ ಚೆಲುವು, ಮಕ್ಕಳಿಲ್ಲದವಳ ಸಂಕಟ, ನಾದಿನಿಯ ಕುಟುಕು, ಅಣ್ಣನ ಬರವಿನ ನಿರೀಕ್ಷೆ, ಎಲ್ಲವೂ ಆ ಮೂರು ಸಾಲಿನೊಳಗೆ ಬಂದವು. ಬೀಸುವ ಕಲ್ಲನ್ನೇ ತಾಯಿಯೆಂದು ಕರೆದು ಮಾತನಾಡಿಸುವ ಪದಗಳೂ ಇವೆ. ಎದುರಿಗೆ ಕೂರಲು ಯಾರೂ ಇಲ್ಲದ ದಿನ ಕಲ್ಲೇ ಆ ತಾಯಿಗೆ ಕಿವಿಯಾಗಿರಬೇಕು.

ಈ ಹಾಡುಗಳು ಅಚ್ಚಾಗಿ ಬಂದ ಬಗೆಯಲ್ಲಿ ವಿಚಾರಮಾಡತಕ್ಕ ಒಂದು ಅಂಶವಿದೆ. ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರ ಬಳಗವಿತ್ತು. ಅವರ ಶ್ರಮದ ಫಲವಾಗಿ 1931ರಲ್ಲಿ 'ಗರತಿಯ ಹಾಡು' ಪ್ರಕಟವಾಗಿ ಕನ್ನಡಿಗರು ತಮ್ಮ ತಾಯಂದಿರ ಕಾವ್ಯಶಕ್ತಿಯನ್ನು ಕಂಡು ಬೆರಗಾದರು. ನಾಡು ಆ ಸಂಪಾದಕರಿಗೆ ಎಂದೆಂದಿಗೂ ಋಣಿ. ಸಾಹಿತ್ಯ ಚರಿತ್ರೆ ಈ ಬಳಗವನ್ನು 'ಹಲಸಂಗಿ ಗೆಳೆಯರು' ಎಂದು ಕರೆಯುತ್ತದೆ, ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ಕೂಡಿದ ಬಳಗವನ್ನು 'ಗೆಳೆಯರ ಗುಂಪು' ಎನ್ನುತ್ತದೆ. ಗಂಡಸರ ಗೆಳೆತನಕ್ಕೆ ಹೀಗೆ ಹೆಸರು ದೊರೆಯಿತು, ಚರಿತ್ರೆ ದೊರೆಯಿತು. ಆ ಹಾಡುಗಳನ್ನು ತಲೆಮಾರುಗಳಿಂದ ಕಲ್ಲಿನ ಎದುರು ಕುಳಿತು ಕಟ್ಟಿದ ಗೆಳತಿಯರಿಗೆ ಹೆಸರಿಲ್ಲ. ಪುಸ್ತಕದ ಹೆಸರಿನಲ್ಲಿ ಅವರು 'ಗರತಿ', ಅಂದರೆ ಗೃಹಸ್ಥೆ. ಒಬ್ಬಳು ಇನ್ನೊಬ್ಬಳಿಗೆ ಏನಾಗಿದ್ದಳೆಂಬುದು ಆ ಹೆಸರಿನಿಂದ ತಿಳಿಯುವುದಿಲ್ಲ.

ಕಲ್ಲಿನಂತೆಯೇ ಬಾವಿ. ನೀರು ಸೇದುವಾಗ ಸರದಿ ಕಾಯಬೇಕು, ಕಾಯುವಾಗ ಮಾತು ಬರುತ್ತದೆ. ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವಾಗ, ಹೊಲದಲ್ಲಿ ಸಾಲು ಹಿಡಿದು ಕಳೆ ತೆಗೆಯುವಾಗ, ಹಪ್ಪಳ ಸಂಡಿಗೆ ಹಾಕುವಾಗ, ಶಾವಿಗೆ ಹೊಸೆಯುವಾಗ ಜೊತೆ ಅನಿವಾರ್ಯ. ಯಾರ ಮಗುವಿಗೆ ಜ್ವರ, ಯಾರಿಗೆ ಹಾಲು ಸಾಲದು, ಯಾರ ಮೈಮೇಲೆ ಬಾಸುಂಡೆ ಎದ್ದಿದೆ ಎಂಬುದು ಅಲ್ಲಿ ತಿಳಿಯುತ್ತಿತ್ತು. 'ನೀರಿಗೆ ಹೋಗಿ ಬರುತ್ತೇನೆ' ಎನ್ನುವುದು ಸೊಸೆಗೆ ಯಾರ ಅಪ್ಪಣೆಯನ್ನೂ ಕೇಳದೆ ಮನೆಯಿಂದ ಹೊರಬೀಳಲು ಇದ್ದ ನಿರ್ವಿವಾದವಾದ ಕಾರಣ. 'ಗೆಳತಿಯ ಮನೆಗೆ ಹೋಗಿ ಬರುತ್ತೇನೆ' ಎಂದಿದ್ದರೆ ಹತ್ತು ಪ್ರಶ್ನೆ ಏಳುತ್ತಿದ್ದವು.

ಹೊರಗುಳಿದವರು

ಈ ಚಿತ್ರವನ್ನು ಕೇವಲ ಸವಿನೆನಪಾಗಿ ನೋಡುವುದು ಸತ್ಯಕ್ಕೆ ಅಪಚಾರ. ಊರಿನ ಬಾವಿ ಊರಿನ ಎಲ್ಲ ತಾಯಂದಿರದೂ ಆಗಿರಲಿಲ್ಲ. ಅಸ್ಪೃಶ್ಯರೆನಿಸಿದ ಸಮುದಾಯದ ತಾಯಂದಿರು ಬಾವಿಯ ಕಟ್ಟೆಯನ್ನು ಮುಟ್ಟುವಂತಿರಲಿಲ್ಲ. ಮೇಲ್ಜಾತಿಯವರು ಯಾರಾದರೂ ಎತ್ತಿ ಹೊಯ್ಯುವವರೆಗೆ ಕೊಡವಿಟ್ಟು ದೂರದಲ್ಲಿ ಕಾಯಬೇಕಾಗಿತ್ತು. ಒಂದೇ ಹೊಲದಲ್ಲಿ ಒಂದೇ ಸಾಲಿನಲ್ಲಿ ಕಳೆ ಕಿತ್ತರೂ ಬುತ್ತಿ ಬಿಚ್ಚುವಾಗ ಮರದ ನೆರಳು ಎರಡಾಗುತ್ತಿತ್ತು. ಗಂಡ ಸತ್ತ ತಾಯಿಗೆ ಅರಿಸಿನ ಕುಂಕುಮದ ಕರೆ ನಿಲ್ಲುತ್ತಿತ್ತು. ಬಸಿರಿಗೆ ಉಡಿ ತುಂಬುವ ಕೂಟದಲ್ಲಿ ಮಕ್ಕಳಿಲ್ಲದವಳಿಗೆ ಎಡೆಯಿರಲಿಲ್ಲ. ಹೆಣ್ಣಿನ ಗೆಳೆತನಕ್ಕೆ ಇದ್ದ ಅಷ್ಟಿಷ್ಟು ಜಾಗಕ್ಕೂ ಹೀಗೆ ಬೇಲಿಗಳಿದ್ದವು.

ಈ ಹಿನ್ನೆಲೆಯಲ್ಲಿ ಹನ್ನೆರಡನೆಯ ಶತಮಾನದ ಶರಣೆಯರ ಬಳಗದ ವಿಶೇಷತೆ ಮನವರಿಕೆಯಾಗುತ್ತದೆ. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ರಚನೆಗಳು ಇಂದು ಲಭ್ಯವಿವೆ. ನೂಲುವ ಕದಿರ ರೆಮ್ಮವ್ವೆ, ಕೊಟ್ಟಣ ಕುಟ್ಟುವ ಸೋಮಮ್ಮ, ಅಕ್ಕಿ ಆಯುವ ಮಾರಯ್ಯನವರ ಸತಿ ಲಕ್ಕಮ್ಮ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ವೇಶ್ಯಾವೃತ್ತಿಯ ಹಿನ್ನೆಲೆಯ ಸಂಕವ್ವೆ ಇವರೆಲ್ಲರ ಹೆಸರು ಒಂದೇ ಸಾಲಿನಲ್ಲಿ ಬರುತ್ತದೆ. ಇವರಲ್ಲಿ ಹಲವರ ಕಾಯಕ ಹಳ್ಳಿಯ ಯಾವ ತಾಯಿಯಾದರೂ ಮಾಡುತ್ತಿದ್ದ ಕೆಲಸವೇ. ಆದರೆ ಅವರನ್ನು ಒಂದುಗೂಡಿಸಿದ್ದು ಬಾವಿಯೂ ಅಲ್ಲ, ಕುಲವೂ ಅಲ್ಲ, ನಂಟಸ್ತಿಕೆಯೂ ಅಲ್ಲ. ಮಾತನಾಡಲೆಂದೇ ಕೂಡುವ ಗೋಷ್ಠಿ. ಬಸವಣ್ಣನವರ ಸೋದರಿಯೂ ಚೆನ್ನಬಸವಣ್ಣನವರ ತಾಯಿಯೂ ಆದ ಅಕ್ಕನಾಗಮ್ಮ, ಗಂಗಾಂಬಿಕೆ, ನೀಲಾಂಬಿಕೆಯರು ಗೃಹಿಣಿಯರಾಗಿದ್ದುಕೊಂಡೇ ಆ ಗೋಷ್ಠಿಗೆ ಸೇರಿದವರೆಂದು ಪರಂಪರೆ ನೆನೆಯುತ್ತದೆ. ಶರಣೆಯರ ಹೆಸರುಗಳು ಅವ್ವೆ, ಅಕ್ಕ, ಅಮ್ಮ ಎಂದು ಮುಗಿಯುವುದನ್ನು ಗಮನಿಸಬೇಕು. ಹುಟ್ಟಿನಿಂದ ಬಾರದ ಅಕ್ಕತಂಗಿತನವೊಂದು ಸಾಧ್ಯವೆಂಬುದನ್ನು ಆ ಹೆಸರುಗಳೇ ಸಾರುತ್ತವೆ. ಇಂದಿಗೂ ಅನೇಕ ಊರುಗಳಲ್ಲಿ ನಡೆಯುವ ಅಕ್ಕನ ಬಳಗಗಳು ಆ ನೆನಪಿನ ಮುಂದುವರಿಕೆ.

ಹಗುರಾದ ಕೆಲಸ, ಕಳೆದ ಜೊತೆ

ಇಪ್ಪತ್ತನೆಯ ಶತಮಾನದಲ್ಲಿ ಹಳ್ಳಿಗೆ ಹಿಟ್ಟಿನ ಗಿರಣಿ ಬಂದಿತು. ಮೊದಲು ಎಣ್ಣೆಯ ಇಂಜಿನ್ನು, ಬಳಿಕ ವಿದ್ಯುತ್ತು. ಬೀಸುವ ಕಲ್ಲು ಹಿತ್ತಲು ಸೇರಿತು. 1983ರಿಂದ 1988ರವರೆಗೆ ಕರ್ನಾಟಕದ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಊರೂರಿಗೆ ಕೊಳವೆಬಾವಿಗಳನ್ನು ಕೊರೆಸಿ 'ನೀರ್ ಸಾಬ್' ಎಂಬ ಪ್ರೀತಿಯ ಹೆಸರನ್ನು ಪಡೆದರು. ಮೈಲುಗಟ್ಟಲೆ ನೀರು ಹೊರುತ್ತಿದ್ದ ತಾಯಂದಿರಿಗೆ ಅದು ನಿಜವಾದ ಉಪಕಾರ. 2019ರಲ್ಲಿ ಆರಂಭವಾದ ಜಲ ಜೀವನ್ ಯೋಜನೆಯು ನಲ್ಲಿಯನ್ನು ಬೀದಿಯಿಂದ ಮನೆಯಂಗಳಕ್ಕೆ ತಂದಿತು. ಅಡುಗೆ ಅನಿಲ ಬಂದಾಗ ಸೌದೆಗಾಗಿ ಗುಂಪುಗೂಡಿ ಹೋಗುವುದೂ ಕಡಿಮೆಯಾಯಿತು. ಹತ್ತಿಯ, ಮೆಕ್ಕೆಜೋಳದ ಹೊಲಗಳಿಗೆ ಕಳೆನಾಶಕ ಬಂದಾಗ ಕಳೆಯ ಸಾಲುಗಳೂ ತೆಳುವಾದವು.

ಇವುಗಳಲ್ಲಿ ಯಾವುದನ್ನೂ ಹಿಂದಕ್ಕೆ ಬಯಸುವಂತಿಲ್ಲ. ಬಸುರಿಯ ತಲೆಯ ಮೇಲಿನ ಎರಡು ಕೊಡಗಳಲ್ಲಿ ಕಾವ್ಯವನ್ನು ಕಾಣುವವನು ಆ ಕೊಡಗಳನ್ನು ಹೊತ್ತವನಲ್ಲ. ಹೇಳಬೇಕಾದುದು ಇಷ್ಟೇ: ಯಂತ್ರವು ಶ್ರಮವನ್ನು ತೆಗೆದುಕೊಂಡಾಗ ಅದರೊಡನೆ ಹೆಣೆದುಕೊಂಡಿದ್ದ ಜೊತೆಯನ್ನೂ ತೆಗೆದುಕೊಂಡಿತು. ಉಳಿದ ಹೊತ್ತು ತಾಯಿಗೆ ಬಿಡುವಾಗಿ ದೊರೆಯಲಿಲ್ಲ. ಬೇರೆ ಕೆಲಸ ಬಂದು ಅದನ್ನು ತುಂಬಿತು. ನೀರಿಗೆ ಹೋಗುವ ನೆಪವಿಲ್ಲದ ಸೊಸೆ ಹೊಸ್ತಿಲ ಒಳಗೇ ಉಳಿದಳು. ಗುಳೆ ಹೋದ ಕುಟುಂಬಗಳ ತಾಯಂದಿರ ಪಾಡು ಇನ್ನೂ ಕಠಿಣ. ಕಲ್ಯಾಣ ಕರ್ನಾಟಕದ ಮಳೆಯಾಶ್ರಿತ ಊರುಗಳಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದವಳಿಗೆ ತವರೂ ಇಲ್ಲ, ಗಂಡನ ಊರಿನ ನೆರೆಹೊರೆಯೂ ಇಲ್ಲ. ಮರಳಿನ ರಾಶಿಯ ಪಕ್ಕದಲ್ಲಿ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿ ದುಡಿಯಬೇಕು.

ಕಟ್ಟಿದ ಜಾಗಗಳು

ತಾಯಂದಿರು ಕೂಡುವ ಜಾಗವನ್ನು ಬೇಕೆಂದೇ ಕಟ್ಟುವ ಪ್ರಯತ್ನಗಳೂ ನಡೆದವು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಅಂಗವಾಗಿ ಹಳ್ಳಿಗಳಲ್ಲಿ ಮಹಿಳಾ ಮಂಡಲಗಳು ಹುಟ್ಟಿದವು. ಹಲವೆಡೆ ಅವು ಊರಿನ ಅನುಕೂಲಸ್ಥರ ಮನೆಯ ಹೆಂಗಸರ ಹೊಲಿಗೆ ತರಗತಿಗಳಾಗಿ ನಿಂತವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂಗನವಾಡಿ ಮಕ್ಕಳಿಗಾಗಿ ಬಂದಿತು. ಆದರೆ ಮಗುವನ್ನು ಬಿಡಲು ಬಂದ ತಾಯಂದಿರು ಬಾಗಿಲಲ್ಲಿ ನಿಂತು ಆಡುವ ನಾಲ್ಕು ಮಾತು ಯಾವ ವರದಿಯಲ್ಲೂ ಸೇರದ ಅದರ ಇನ್ನೊಂದು ಫಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ರೂಪುಗೊಂಡ ಮಹಿಳಾ ಸಮಖ್ಯಾ ಕಾರ್ಯಕ್ರಮ 1989ರ ಹೊತ್ತಿಗೆ ಕರ್ನಾಟಕದಲ್ಲಿ ಕಾಲಿಟ್ಟಿತು. ಮೊದಲು ಆಯ್ದುಕೊಂಡ ಜಿಲ್ಲೆಗಳಲ್ಲಿ ಬೀದರ, ವಿಜಾಪುರ, ಮೈಸೂರು ಸೇರಿದ್ದವು. ಇದರ ವೈಶಿಷ್ಟ್ಯವೇನೆಂದರೆ, ಕೊಡಲು ಸಾಲವಾಗಲಿ ಸಾಮಗ್ರಿಯಾಗಲಿ ಇಲ್ಲದೆಯೇ ಅದು ದಲಿತ ಮತ್ತು ಬಡ ಹೆಂಗಸರನ್ನು ಕೂಡಿಸಲು ಹೊರಟಿತು. ಹತ್ತು ಊರುಗಳಿಗೆ ಒಬ್ಬ ಸಹಯೋಗಿನಿ ಸಂಜೆಯ ಹೊತ್ತು ಬಂದು ಮಾತಿಗೆ ಕೂರುತ್ತಿದ್ದಳು. ಹಲವು ಊರುಗಳಲ್ಲಿ ಹೆಂಗಸರು ತಮ್ಮದೇ ಆದ ಸಂಘದ ಮನೆಯನ್ನು ಕಟ್ಟಿಕೊಂಡರು. ತವರೂ ಅಲ್ಲದ, ಗಂಡನದೂ ಅಲ್ಲದ ಒಂದು ಸೂರಿನ ಕೆಳಗೆ ಕೂರುವುದು ಅನೇಕ ತಾಯಂದಿರಿಗೆ ಜೀವನದಲ್ಲಿ ಅದೇ ಮೊದಲು. ಕೇಂದ್ರದ ನೆರವು 2016ರ ಹೊತ್ತಿಗೆ ನಿಂತುಹೋಯಿತು.

ಇನ್ನೊಂದು ಧಾರೆ ಸ್ವಸಹಾಯ ಸಂಘಗಳದು. 1968ರಲ್ಲಿ ಸ್ಥಾಪಿತವಾದ ಮೈರಾಡ ಸಂಸ್ಥೆ ಕರ್ನಾಟಕದಲ್ಲಿ ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡುತ್ತಿತ್ತು. 1980ರ ದಶಕದ ನಡುಭಾಗದಲ್ಲಿ ಅವುಗಳಲ್ಲಿ ಕೆಲವು ಒಡೆದಾಗ ಜನರು ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, ತಮ್ಮ ಪಾಲಿನ ಸಾಲವನ್ನು ತಾವು ತೀರಿಸುವುದಾಗಿ ಹೇಳಿದರು. ಅವರನ್ನು ಕೂಡಿಸಿದ್ದು ಸಂಸ್ಥೆಯಲ್ಲ, ಮೊದಲೇ ಇದ್ದ ಪರಸ್ಪರ ನಂಬಿಕೆ ಎಂಬುದನ್ನು ಆ ಸಂಸ್ಥೆ ಗುರುತಿಸಿತು. 1987ರಲ್ಲಿ ನಬಾರ್ಡ್ ಇದಕ್ಕೆ ನೆರವಾಯಿತು. 1992ರಲ್ಲಿ ಇಂಥ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗ 500 ಸಂಘಗಳ ಗುರಿಯೊಡನೆ ಆರಂಭವಾಯಿತು. 2000-01ರಲ್ಲಿ ಕರ್ನಾಟಕ ಸರಕಾರ ಸ್ತ್ರೀಶಕ್ತಿ ಯೋಜನೆಯನ್ನು ತಂದಿತು. ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ಹೆಂಗಸರು ಪಾಸ್‌ಬುಕ್ಕು ಹಿಡಿದು ಕೂಡುವುದು ಹಳ್ಳಿಗಳ ನಿತ್ಯದೃಶ್ಯವಾಯಿತು. 'ಸಂಘಕ್ಕೆ ಹೋಗಿ ಬರುತ್ತೇನೆ' ಎನ್ನುವುದು 'ನೀರಿಗೆ ಹೋಗಿ ಬರುತ್ತೇನೆ' ಎಂಬುದರ ಸ್ಥಾನವನ್ನು ಪಡೆಯಿತು.

ಸಂಘ ಹುಟ್ಟಿದ್ದು ನಂಬಿಕೆಯಿಂದ; ನಂಬಿಕೆಗಾಗಿ ಸಾಲವಲ್ಲ, ಸಾಲಕ್ಕೆ ನಂಬಿಕೆ ಆಧಾರ. ಈ ಕ್ರಮ ತಲೆಕೆಳಗಾದಾಗ ಏನಾಗುತ್ತದೆಂಬುದನ್ನು ಕಿರುಸಾಲದ ಕಂಪನಿಗಳ ಹಾವಳಿ ತೋರಿಸಿತು. ಗುಂಪಿನ ಹೊಣೆಯ ಮೇಲೆ ಸಾಲ ಕೊಟ್ಟಾಗ ಒಬ್ಬಳ ಕಂತು ತಪ್ಪಿದರೆ ಉಳಿದವರೇ ಅವಳ ಬಾಗಿಲಲ್ಲಿ ನಿಲ್ಲಬೇಕು. ಗೆಳತಿ ವಸೂಲಿಗಾರಳಾದಳು. ಊರು ಬಿಟ್ಟು ಹೋದ ಕುಟುಂಬಗಳ, ಪ್ರಾಣ ಕಳೆದುಕೊಂಡವರ ಸುದ್ದಿಗಳು ಹೆಚ್ಚಾದ ಮೇಲೆ ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ತಾಯಂದಿರು ಕೂಡಿದ ಮಾತ್ರಕ್ಕೆ ಗೆಳೆತನವಾಗದು. ಏತಕ್ಕಾಗಿ ಕೂಡುತ್ತಾರೆಂಬುದೂ ಮುಖ್ಯ.

ಮಾತಿಗೆ ಕೂಡಿದ ಫಲ

ಮಾತಿಗಾಗಿ ಕೂಡುವುದರಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಕರ್ನಾಟಕದ ಹೊರಗೆ, ಜಾರ್ಖಂಡ ಮತ್ತು ಒಡಿಶಾದ ಆದಿವಾಸಿ ಪ್ರದೇಶಗಳಲ್ಲಿದೆ. ಅಲ್ಲಿ ಏಕ್‌ಜುಟ್ ಎಂಬ ಸಂಸ್ಥೆ 2005ರಿಂದ 2008ರವರೆಗೆ ಮೂರು ಜಿಲ್ಲೆಗಳಲ್ಲಿ ಒಂದು ಪ್ರಯೋಗ ನಡೆಸಿತು. ಅರ್ಧ ಭಾಗದಲ್ಲಿ ಸ್ಥಳೀಯ ಸ್ತ್ರೀಯೊಬ್ಬಳ ಮುಂದಾಳತ್ವದಲ್ಲಿ ಹೆಂಗಸರು ತಿಂಗಳಿಗೊಮ್ಮೆ ಕೂಡಿದರು. ಬಸಿರು, ಹೆರಿಗೆ, ಕೂಸಿನ ಆರೈಕೆಯ ತೊಡಕುಗಳನ್ನು ಕತೆಗಳ, ಚಿತ್ರಗಳ ಮೂಲಕ ಚರ್ಚಿಸಿ ತಮ್ಮ ಊರಿಗೆ ಒಗ್ಗುವ ಉಪಾಯಗಳನ್ನು ತಾವೇ ಕಂಡುಕೊಂಡರು. ಉಳಿದ ಅರ್ಧದಲ್ಲಿ ಈ ಕೂಟಗಳಿರಲಿಲ್ಲ. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕೂಟಗಳು ನಡೆದ ಭಾಗದಲ್ಲಿ ಹುಟ್ಟಿದ ಮೊದಲ ತಿಂಗಳೊಳಗಿನ ಶಿಶುಮರಣ ಮೂರು ವರ್ಷಗಳಲ್ಲಿ ಶೇಕಡಾ 32ರಷ್ಟು ಕಡಿಮೆಯಿತ್ತು. ತಾಯಂದಿರ ಖಿನ್ನತೆಯ ವಿಷಯದಲ್ಲಿ ಮೊದಲೆರಡು ವರ್ಷ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರನೆಯ ವರ್ಷದಲ್ಲಿ ಮಧ್ಯಮ ಮಟ್ಟದ ಖಿನ್ನತೆ ಶೇಕಡಾ 57ರಷ್ಟು ಕಡಿಮೆಯಾಗಿತ್ತು. ಗೆಳೆತನ ಬೇರೂರಲು ಕಾಲ ಬೇಕೆಂಬುದನ್ನು ಈ ಅಂಕಿಗಳು ಸೂಚಿಸುವಂತಿದೆ.

ಹೆರಿಗೆಯ ನಂತರದ ಖಿನ್ನತೆ ಪಟ್ಟಣದವರ ಕಾಯಿಲೆಯೆಂದು, ಓದಿದವರ ನೆಪವೆಂದು ತಳ್ಳಿಹಾಕುವ ಪರಿಪಾಠ ಇನ್ನೂ ಇದೆ. ನೆರೆಯ ಗೋವೆಯ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಹೆತ್ತ ತಾಯಂದಿರನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 23 ತಾಯಂದಿರು ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ಖಿನ್ನತೆಯಿಂದ ಬಳಲುತ್ತಿದ್ದರು. ಬಡತನ, ದಾಂಪತ್ಯದ ಕಹಿ, ಗಂಡು ಬಯಸಿದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು ಇವು ಅದರ ಹಿಂದಿದ್ದ ಕಾರಣಗಳಲ್ಲಿ ಕೆಲವು. ಇಂಥ ತಾಯಿಗೆ ಬೇಕಾದುದು ಔಷಧವೂ ಹೌದು, ಆಗತ್ಯವಿದ್ದಾಗ ವೈದ್ಯರ ಬಳಿಗೆ ಹೋಗಲೇಬೇಕು. ಆದರೆ 'ನಿನ್ನ ಮುಖ ಏಕೆ ಹೀಗಿದೆ' ಎಂದು ಮೊದಲು ಕೇಳುವವಳು ಎದುರಿಗೆ ಕುಳಿತ ಗೆಳತಿ. ಅವಳಿಲ್ಲದಿದ್ದರೆ ವೈದ್ಯರ ಬಾಗಿಲು ದೂರವೇ ಉಳಿಯುತ್ತದೆ.

ಈಚಿನ ವರ್ಷಗಳಲ್ಲಿ ಕೆಲವು ಹೊಸ ಅನುಕೂಲಗಳು ಒದಗಿವೆ. ಮೊಬೈಲು ತವರಿನ ದನಿಯನ್ನು ದಿನವೂ ಕಿವಿಗೆ ತಲುಪಿಸುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣದಿಂದ ತವರಿಗೆ ಹೋಗಲು ಗಂಡನ ಬಳಿ ಟಿಕೆಟ್ಟಿನ ಹಣ ಕೇಳಬೇಕಾದ ಸಂಕೋಚ ತಪ್ಪಿತು. ಅದೇ ವರ್ಷ ಗ್ರಾಮ ಪಂಚಾಯಿತಿಗಳಲ್ಲಿ 4,000 'ಕೂಸಿನ ಮನೆ'ಗಳನ್ನು ತೆರೆಯುವ ಯೋಜನೆ ಘೋಷಿತವಾಯಿತು. ಆದರೆ ಬಸ್ಸು ಊರಿಗೆ ಮುಟ್ಟಿಸಬಲ್ಲುದು, ಮನೆಯಿಂದ ಹೊರಡಿಸಲಾರದು. ಹೊರಡಿಸಬೇಕಾದವರು ಮನೆಯವರು.

ಆದ್ದರಿಂದ ಈ ಇತಿಹಾಸ ಭಕ್ತ ಕುಟುಂಬಗಳ ಮುಂದೆ ಇಡುವ ಕೇಳಿಕೆ ಬಹಳ ಚಿಕ್ಕದು. ಹಿಂದೆ ಕಲ್ಲು, ಬಾವಿಗಳು ತಾನಾಗಿ ಕೊಡುತ್ತಿದ್ದ ಹೊತ್ತನ್ನು ಈಗ ಮನೆಯವರು ಅರಿತು ಕೊಡಬೇಕಾಗಿದೆ. ಕೈಗೂಸಿನ ತಾಯಿಗೆ ವಾರಕ್ಕೆ ಒಂದು ಮಧ್ಯಾಹ್ನ, ಸಾಲದ ಲೆಕ್ಕವಿಲ್ಲದ, ಕೆಲಸದ ನೆಪ ಬೇಡದ, ಕೇರಿಯ ಭೇದವಿಲ್ಲದ ಕೂಟವೊಂದಕ್ಕೆ ಹೋಗಲು ಬಿಡುವು ದೊರೆಯಬೇಕು. ಆ ಹೊತ್ತಿನಲ್ಲಿ ಕೂಸನ್ನು ಎತ್ತಿಕೊಳ್ಳಲು ಅತ್ತೆಯ ತೊಡೆಯೂ ಇದೆ, ಗಂಡನ ಹೆಗಲೂ ಇದೆ. ಅಕ್ಕನ ಬಳಗವಿರುವ ಊರುಗಳಲ್ಲಿ ಬಳಗದ ಹಿರಿಯ ತಾಯಂದಿರು ಬಾಣಂತನ ಮುಗಿಸಿ ಊರಿಗೆ ಬಂದ ಸೊಸೆಯ ಮನೆಗೆ, ಅವಳು ಯಾವ ಕೇರಿಯವಳೇ ಆಗಿರಲಿ, ತಾವಾಗಿ ಹೋಗಿ ಕರೆಯಬಹುದು. ಗಂಡ ತೀರಿದವಳನ್ನೂ ಮಕ್ಕಳಿಲ್ಲದವಳನ್ನೂ ಮೊದಲು ಕರೆಯಬಹುದು. ಅತ್ತೆಯೂ ಒಂದು ಕಾಲದಲ್ಲಿ ಅದೇ ಹೊಸ್ತಿಲೊಳಗೆ ತೊಟ್ಟಿಲು ತೂಗುತ್ತ ಕುಳಿತವಳು. ತನಗೆ ದೊರೆಯದ ಆ ಒಂದು ಮಧ್ಯಾಹ್ನವನ್ನು ಸೊಸೆಗೆ ಕೊಡಲು ಅವಳಿಗಿಂತ ಅರ್ಹರು ಯಾರೂ ಇಲ್ಲ.